ಕೋಬಾಲ್‌ನಲ್ಲಿ ಬರೆದ ಹಸುಗಳ ಪಟ್ಟಿ

ನಮ್ಮಪ್ಪ ಹೊಳೆನರಸೀಪುರದಲ್ಲಿ ಮನುಷ್ಯರ ಜಾತಕ ಬರೆಯುತ್ತಿದ್ದರು. ನಾನು ಹಾಸನದಲ್ಲಿ ಕೂತು ಹಸುಗಳ ಜಾತಕ ಬರೆದೆ. ಅವರ ಕೈಯಲ್ಲಿ ಪಂಚಾಂಗವಿತ್ತು, ನನ್ನ ಕೈಯಲ್ಲಿ ಕೋಬಾಲ್ ಇತ್ತು. ಇಬ್ಬರ ವಿದ್ಯೆಯನ್ನೂ ಈಗಿನವರು ‘ಅದು ಇನ್ನೂ ಇದೆಯಾ?’ ಎಂದೇ ಕೇಳುತ್ತಾರೆ. ಅಪ್ಪ ಆ ಪ್ರಶ್ನೆಗೆ ನಕ್ಕು ಸುಮ್ಮನಾಗುತ್ತಿದ್ದರು. ನನಗೆ ಅಷ್ಟು ಸಮಾಧಾನವಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಇದನ್ನು ಓದಲಿ ಎಂಬ ಆಸೆಯಿದೆ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಇಲ್ಲ. ಅದು ಸೇವಾ ಪುಸ್ತಕದಲ್ಲಿದೆ, ಅದನ್ನು ನಾನೇ ಪೂರ್ತಿ ಓದಿಲ್ಲ. ಮಲ್ಲಿಪಟ್ಟಣದ ಒಂದು ಹಸುವಿನ ವಿಷಯ ಹೇಳಬೇಕು. ಆ ಹಸುವಿನ ಹೆಸರು ಐದು ವರ್ಷ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ಕಾರಣಳು ನಾನು.

ತೊಂಬತ್ತರಲ್ಲಿ ನಾನು ಸೇರಿದ್ದು ಹಾಸನದ ಒಂದು ಜಾನುವಾರು ತಳಿ ಸುಧಾರಣಾ ಸಂಘಕ್ಕೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕು ತಾಲೂಕಿನ ಹಸುಗಳ ಕಿವಿಗೆ ನಂಬರಿನ ಓಲೆ ಹಾಕಿ, ಯಾವ ಹಸು ಯಾವಾಗ ಗಬ್ಬವಾಯಿತು, ಯಾವಾಗ ಈಯುತ್ತದೆ, ಯಾವುದು ಗಬ್ಬ ನಿಲ್ಲುತ್ತಿಲ್ಲ ಎಂದು ಬರೆದಿಡುವುದು ಸಂಘದ ಕೆಲಸ. ತಿಂಗಳಿಗೊಮ್ಮೆ ಒಂದೊಂದು ಹೋಬಳಿಗೂ ಒಂದೊಂದು ಪಟ್ಟಿ ಅಚ್ಚಾಗಿ ಬಸ್ಸಿನಲ್ಲಿ ಹೋಗುತ್ತಿತ್ತು. ಆ ಪಟ್ಟಿ ಹಿಡಿದು ನಮ್ಮ ಕಾರ್ಯಕರ್ತರು ಕೊಟ್ಟಿಗೆ ಕೊಟ್ಟಿಗೆ ತಿರುಗುತ್ತಿದ್ದರು. ಪಟ್ಟಿ ತಯಾರಿಸುವ ಪ್ರೋಗ್ರಾಮನ್ನು ಬರೆದವಳು ನಾನು.

ನಮ್ಮ ನಿರ್ದೇಶಕರು ಡಾಕ್ಟರ್ ಪುಟ್ಟಸ್ವಾಮಿ, ದುದ್ದದ ರೈತರ ಮನೆಯವರು, ಪಶುವೈದ್ಯರು. ಹಸುವಿನ ಮುಂದೆ ಬೆಣ್ಣೆ, ಮನುಷ್ಯರ ಮುಂದೆ ಬೆಂಕಿ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ಗದರಿಸುತ್ತಿದ್ದರು. ಹಾಗಾಗಿ ಹಳ್ಳಿಯಿಂದ ಬಂದವರು ಚಪ್ಪಲಿ ಬಿಟ್ಟು, ಒಳಗೆ ಬಂದು, ಕಂಪ್ಯೂಟರಿಗೆ ಕೈ ಮುಗಿದುಬಿಡುತ್ತಿದ್ದರು. ಮೊದಲ ಆಯುಧಪೂಜೆಗೆ ಡಾಕ್ಟರೇ ಮುಂದೆ ನಿಂತು ಫ್ಲಾಪಿ ಹಾಕುವ ಬಾಯಿಗೆ ಅರಿಶಿನ ಕುಂಕುಮ ಬಳಿದರು. ಮೂರು ದಿನ ಅದು ಒಂದು ಫ್ಲಾಪಿಯನ್ನೂ ಓದಲಿಲ್ಲ. ರಿಪೇರಿಗೆ ಬಂದವನು ಬ್ರಷ್ ಹಿಡಿದು ಕುಂಕುಮ ಕೆರೆಯುವಾಗ ಡಾಕ್ಟರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮಾರನೇ ವರ್ಷದಿಂದ ಪೂಜೆ ಟೇಬಲ್ಲಿಗೆ ಮಾತ್ರ ಆಯಿತು.

ಕೋಬಾಲ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ದೊಡ್ಡ ದೊಡ್ಡ ರಿಜಿಸ್ಟರುಗಳನ್ನು ಓದಿ, ಹೋಲಿಸಿ, ವಿಂಗಡಿಸಿ, ಅಚ್ಚು ಹಾಕಲು ಹುಟ್ಟಿದ ಭಾಷೆ ಅದು. ಇದನ್ನು ಅಲ್ಲಿಗೆ ಸಾಗಿಸು, ಇದು ಅದಕ್ಕಿಂತ ಚಿಕ್ಕದಾದರೆ ಹೀಗೆ ಮಾಡು ಎಂದು ಉದ್ದುದ್ದ ವಾಕ್ಯಗಳಲ್ಲಿ ಬರೆಯಬೇಕು. ಬರೆಯುವವರಿಗೆ ಕೈ ನೋವು, ಆದರೆ ಹತ್ತು ವರ್ಷ ಬಿಟ್ಟು ಬಂದು ಓದುವವರಿಗೆ ತಲೆನೋವಿಲ್ಲ. ಜಾಣತನ ತೋರಿಸಲು ಅದರಲ್ಲಿ ಜಾಗವೇ ಇಲ್ಲ. ನನಗೆ ಅದೇ ಹಿಡಿಸಿತ್ತು.

ಮೊದಲ ವರ್ಷ ಒಂದೊಂದು ಹಸುವಿಗೂ ಕಡತದಲ್ಲಿ ಇಷ್ಟೇ ಅಕ್ಷರ ಎಂದು ಗೆರೆ ಎಳೆದಂತೆ ಜಾಗ ಹಂಚಿದ್ದೆವು. ಆಗಿನ ಯಂತ್ರದಲ್ಲಿ ಜಾಗವೆಂದರೆ ಚಿನ್ನ. ನಾನು ಓಲೆಯ ನಂಬರು ಇಟ್ಟು ಹಸುವಿನ ಹೆಸರು ಕೈಬಿಟ್ಟಿದ್ದೆ. ಅದಕ್ಕೆ ತಕರಾರು ತೆಗೆದವನು ಮಲ್ಲಿಪಟ್ಟಣದ ಕಾರ್ಯಕರ್ತ ಬೋರೇಗೌಡ. ಬೆದೆಗೆ ಬಂದ ಹಸುಗಳಿಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡುವುದು ಅವನ ಕೆಲಸ. ಒಂದು ಹಳೇ ಬೈಕು, ಸೀಟಿನ ಹಿಂದೆ ವೀರ್ಯದ ನಳಿಕೆಗಳನ್ನು ತಣ್ಣಗಿಡುವ ಡಬ್ಬ, ಬಾಯಿ ತುಂಬ ಎಲೆಯಡಿಕೆ. ನನ್ನ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ:

“ಮೇಡಮ್ನೋರೇ, ಈ ನಂಬರ್ ಇಟ್ಕೊಂಡು ನಾನು ಯಾವ್ ಕೊಟ್ಗೆಗೆ ಓಗ್ಲಿ? ನಾಕ್ ಸಾವ್ರದ ಇಪ್ಪತ್ತೊಂದು ಎಲ್ಲವ್ಳೆ ಅಂದ್ರೆ ಯಾವಳ್ ಏಳ್ತಾಳೆ? ಕೆಂದಿ ಎಲ್ಲಿ ಅಂದ್ರೆ ಊರೇ ಏಳ್ತದೆ.”

“ಜಾಗ ಇಲ್ಲ ಬೋರೇಗೌಡ್ರೆ.”

“ಆಟೊಂದು ದೊಡ್ ಡಬ್ಬದಲ್ಲಿ ಒಂದ್ ಅಸೀನ ಎಸ್ರಿಗೆ ಜಾಗ ಇಲ್ವಾ?”

ಅವನು ಹೇಳಿದ್ದು ಸರಿಯಿತ್ತು. ಜಾಗ ಎಲ್ಲಿಂದ ತರುವುದು ಎಂದು ಯೋಚಿಸಿದೆ. ಒಂದು ಹಸುವಿಗೆ ನಾಲ್ಕು ತಾರೀಖು ಇದ್ದವು: ಹುಟ್ಟಿದ್ದು, ಕಡೇ ಸಲ ಈದದ್ದು, ಇಂಜೆಕ್ಷನ್ ಕೊಟ್ಟಿದ್ದು, ಮುಂದೆ ಈಯಬೇಕಾದದ್ದು. ಇಸವಿಯ ಮುಂದಿನ ‘ಹತ್ತೊಂಬತ್ತು’ ಎಲ್ಲಕ್ಕೂ ಒಂದೇ. ಅದನ್ನು ಬಿಟ್ಟು ಕೊನೆಯ ಎರಡು ಅಂಕಿ ಮಾತ್ರ ಬರೆದರೆ ತಾರೀಖಿಗೆ ಎರಡೆರಡರಂತೆ ಎಂಟು ಅಕ್ಷರ ಉಳಿಯುತ್ತದೆ. ಆ ಎಂಟು ಅಕ್ಷರ ಹಸುವಿನ ಹೆಸರಿಗೆ ಕೊಟ್ಟೆ. ಗೌರಿ, ಕೆಂದಿ, ತುಂಗೆ, ಚಂದ್ರಿ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಸೊಗಸಾಗಿ ಹಿಡಿದರು. ಹೆಸರಿರುವ ಪಟ್ಟಿ ಊರುಗಳಿಗೆ ತಲುಪಿದ ತಿಂಗಳೇ ನಾಲ್ಕೂ ತಾಲೂಕಿನಿಂದ ಹೊಗಳಿಕೆ ಬಂತು, ಡಾಕ್ಟರು ಕಾಫಿ ತರಿಸಿ ಕೊಟ್ಟರು. ನನಗಂತೂ ನಾನೇ ಬೃಹಸ್ಪತಿ ಅನ್ನಿಸಿತ್ತು.

ಆಮೇಲೆ ತಾರೀಖಿನ ಇನ್ನೊಂದು ತಾಪತ್ರಯ ಬಂತು. ನೋಂದಣಿಗೆಂದು ಹಳೇಕೋಟೆಗೆ ಹೋಗಿದ್ದೆ. ಒಬ್ಬ ಅಜ್ಜಿಯನ್ನು ‘ನಿಮ್ಮ ಹಸು ಕಡೇ ಸಲ ಈದದ್ದು ಯಾವಾಗ?’ ಎಂದು ಕೇಳಿದರೆ “ಮಖೆ ಮಳೆ ಮೂರ್ನೇ ಪಾದ ಸುರೀತಿತ್ತು ಕಣವ್ವ” ಅಂದಳು. ‘ತಾರೀಖು ಹೇಳಿ ಅಜ್ಜಿ’ ಎಂದರೆ, “ತಾರೀಕ್ ಕಟ್ಕೊಂಡು ನಾನೇನ್ ಕಚೇರೀಗ್ ಓಗ್ಬೇಕಾ?” ಎಂದು ಬೈದಳು. ಆ ಊರಿನಲ್ಲಿ ಅರ್ಧಕ್ಕರ್ಧ ಜನ ಹೀಗೇ ಹೇಳಿದರು. ಊರಿನ ಹೋರಿಗೆ ಬಿಟ್ಟ ಹಸು, ಗಬ್ಬವಾದ ಮೇಲೆ ಕೊಂಡು ತಂದ ಹಸು, ಎಲ್ಲದರ ಲೆಕ್ಕವೂ ಮಳೆಯ ಹೆಸರಿನಲ್ಲೇ. ನಮ್ಮ ಹುಡುಗರು ಬೇಜಾರಿಗೆ ಬಾಯಿಗೆ ಬಂದ ತಾರೀಖು ತುಂಬಿಸುತ್ತಿದ್ದರು.

ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಪಂಚಾಂಗ ತೆಗೆದು ನಕ್ಕರು.

“ಇದಕ್ಯಾಕೆ ಪೇಚಾಡ್ತೀಯೆ ಶಾರದೆ? ಮಳೆ ನಕ್ಷತ್ರ ಸೂರ್ಯನ ಲೆಕ್ಕ. ನಿಮ್ಮ ಇಂಗ್ಲಿಷ್ ತಾರೀಖೂ ಸೂರ್ಯನ ಲೆಕ್ಕವೇ. ವರ್ಷಾ ವರ್ಷಾ ಒಂದು ದಿನ ಹಿಂದೆ ಮುಂದೆ ಆಗತ್ತೆ ಅಷ್ಟೆ. ಬರ್ಕೋ, ಅಶ್ವಿನಿಯಿಂದ ಹೇಳ್ತೀನಿ.”

ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ. ಅಪ್ಪ ಹೇಳುತ್ತಾ ಹೋದರು, ನಾನು ಕೋಡಿಂಗ್ ಹಾಳೆಯ ಮೇಲೆ ಬರೆಯುತ್ತಾ ಹೋದೆ. ಕೋಬಾಲ್‌ನಲ್ಲಿ ಇಂಥ ಕೋಷ್ಟಕ ಕೂರಿಸುವುದು ಎಲೆಗೆ ಸುಣ್ಣ ಹಚ್ಚಿದಷ್ಟು ಸಲೀಸು. ಅಜ್ಜಿ ಪಾದ ಹೇಳಿದರೆ ಪ್ರೋಗ್ರಾಮು ಮೂರು ನಾಲ್ಕು ದಿನದ ಅಂದಾಜು ಕೊಡುತ್ತಿತ್ತು, ಬರೀ ಮಳೆಯ ಹೆಸರು ಹೇಳಿದರೆ ಹದಿನಾಲ್ಕು ದಿನದ್ದು. ಈಯುವ ದಿನವನ್ನೂ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದೇ ಅಚ್ಚು ಹಾಕುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಬರೆಯುವುದಿಲ್ಲ ಎಂಬುದು ಆ ಪ್ರೋಗ್ರಾಮಿನ ಗುಣ. ನಾನು ಬರೆದ ಎಲ್ಲದರಲ್ಲಿ ನನಗೆ ಅತ್ಯಂತ ಹೆಮ್ಮೆ ಈ ಕೋಷ್ಟಕದ ಮೇಲೆ. ಅಪ್ಪ ಸಾಯುವವರೆಗೂ ಬಂದವರಿಗೆಲ್ಲ ‘ನಮ್ಮ ಶಾರದೆಯ ಕಂಪ್ಯೂಟರಿಗೆ ಮಳೆ ನಕ್ಷತ್ರ ಹೇಳಿಕೊಟ್ಟವನು ನಾನು’ ಎಂದು ಹೇಳಿಕೊಳ್ಳುತ್ತಿದ್ದರು.

ಹಾಗೆಂದು ಕೋಬಾಲ್ ಎಲ್ಲಕ್ಕೂ ಆಗುತ್ತದೆ ಎಂದುಕೊಳ್ಳಬೇಡಿ. ಹೊಗಳಿಕೆಯಿಂದ ತಲೆ ತಿರುಗಿ, ಕರುಗಳ ಬೆಳವಣಿಗೆಯ ಗ್ರಾಫನ್ನೂ ಅದರಲ್ಲೇ ಬರೆಯುತ್ತೇನೆಂದು ಹೊರಟೆ. ಕೀಲಿಮಣೆಯ ನಕ್ಷತ್ರ ಚಿಹ್ನೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಎರಡು ತಿಂಗಳು ಹೆಣಗಿದೆ. ಅಚ್ಚಾಗಿ ಬಂದದ್ದನ್ನು ನೋಡಿ ಡಾಕ್ಟರು, “ಇದೇನಮ್ಮ, ಕರು ಬೆಳೆದದ್ದೋ, ಕರೂಗೆ ಕಜ್ಜಿ ಎದ್ದದ್ದೋ?” ಎಂದರು. ಕುಡುಗೋಲು ಹಿಡಿದು ಕ್ಷೌರಕ್ಕೆ ಕೂತರೆ ಇನ್ನೇನಾಗುತ್ತದೆ! ಚನ್ನರಾಯಪಟ್ಟಣದ ಕೇಂದ್ರಕ್ಕೆ ಒಂದು ಸಣ್ಣ ರಿಜಿಸ್ಟರು ಬೇಕಾದಾಗ ಬುದ್ಧಿ ಕಲಿತಿದ್ದೆ. ಅದನ್ನು ಫಾಕ್ಸ್‌ಪ್ರೋ ಎಂಬ ಇನ್ನೊಂದು ಭಾಷೆಯಲ್ಲಿ ನಾಲ್ಕೇ ದಿನಕ್ಕೆ ಮಾಡಿ ಕೊಟ್ಟೆ. ಕೋಬಾಲ್‌ನಲ್ಲಾಗಿದ್ದರೆ ತಿಂಗಳು ಹಿಡಿಯುತ್ತಿತ್ತು. ಅಲ್ಲಿನ ಗುಮಾಸ್ತರು ಕಂಪ್ಯೂಟರ್ ಮುಟ್ಟಿದ ಒಂದೇ ವಾರಕ್ಕೆ ತಾವೇ ಹುಡುಕಿ ತೆಗೆಯುವುದನ್ನು ಕಲಿತರು. ಯಾವ ಭಾಷೆಯೂ ಮೇಲಲ್ಲ, ಯಾವುದೂ ಕೀಳಲ್ಲ. ಕೆಲಸ ಯಾವುದೆಂದು ಮೊದಲು ನೋಡಿ.

ಈಗ ಆ ಹಸುವಿನ ವಿಷಯ.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಊರೆಲ್ಲ ಒಂದೇ ಮಾತು. ಎರಡು ಸಾವಿರ ಹುಟ್ಟಿದ ದಿನ ಕಂಪ್ಯೂಟರುಗಳು ಇಸವಿಯ ಕೊನೆಯ ಎರಡು ಸೊನ್ನೆ ನೋಡಿ ತಬ್ಬಿಬ್ಬಾಗುತ್ತವಂತೆ, ವಿಮಾನ ಬೀಳುತ್ತವಂತೆ. ನಮ್ಮಲ್ಲೂ ಎರಡೇ ಅಂಕಿ ಇದೆ ಎಂದು ನನಗೆ ಗೊತ್ತಿತ್ತು. ಇನ್ನೂ ಎಂಟು ತಿಂಗಳಿದೆ, ದೀಪಾವಳಿ ಹೊತ್ತಿಗೆ ಸರಿ ಮಾಡಿದರಾಯಿತು ಎಂದುಕೊಂಡಿದ್ದೆ. ಒಂದು ವಿಷಯ ನನ್ನ ತಲೆಗೇ ಹೊಳೆಯಲಿಲ್ಲ. ಹಸು ಗಬ್ಬ ಹೊರುವುದು ಒಂಬತ್ತು ತಿಂಗಳ ಮೇಲೆ. ಏಪ್ರಿಲ್‌ನಲ್ಲಿ ಗಬ್ಬವಾದ ಹಸು ಈಯುವುದು ಜನವರಿಯಲ್ಲಿ. ಅಂದರೆ ಪ್ರಪಂಚಕ್ಕೆ ಎರಡು ಸಾವಿರ ಬರುವ ಮೊದಲೇ ನನ್ನ ಪಟ್ಟಿಗೆ ಬಂದಾಗಿತ್ತು.

ಪ್ರೋಗ್ರಾಮಿನಲ್ಲಿ ಒಂದು ನಿಯಮವಿತ್ತು. ಈಯಬೇಕಾದ ದಿನ ಕಳೆದು ತಿಂಗಳಾದರೂ ಕರು ಹಾಕದ ಹಸು ಬರಡು. ಈಯುವ ಇಸವಿ ಸೊನ್ನೆ ಸೊನ್ನೆ, ಇವತ್ತಿನ ಇಸವಿ ತೊಂಬತ್ತೊಂಬತ್ತು. ಸೊನ್ನೆ ಚಿಕ್ಕದು. ಹಾಗಾಗಿ ಏಪ್ರಿಲ್‌ನಲ್ಲಿ ಗಬ್ಬವಾದ ಅಷ್ಟೂ ಹಸುಗಳು ಯಾವಾಗಲೋ ಈಯಬೇಕಿದ್ದ ಬರಡು ಹಸುಗಳೆಂದು ಅಚ್ಚಾದವು. ಆ ಮೇ ತಿಂಗಳಲ್ಲಿ ಮಲ್ಲಿಪಟ್ಟಣದಲ್ಲಿ ಮಾತ್ರ ಬರಡು ರಾಸುಗಳ ಶಿಬಿರ. ಬರಡು ಹಸುವನ್ನು ಬೆದೆಗೆ ತರಲು ಒಂದು ಇಂಜೆಕ್ಷನ್ ಕೊಡುತ್ತಾರೆ. ಅದನ್ನು ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕಿಬಿಡುತ್ತದೆ, ಅಂದರೆ ಗಬ್ಬ ಕಳೆದುಹೋಗುತ್ತದೆ.

ಶಿಬಿರದ ದಿನ ಬೆಳಿಗ್ಗೆ ಕಚೇರಿಯಲ್ಲಿ ಪಟ್ಟಿಯ ಕಾರ್ಬನ್ ಪ್ರತಿ ಮಡಚಿಡುತ್ತಿದ್ದೆ. ಈ ಸಲ ಮಲ್ಲಿಪಟ್ಟಣದ್ದು ಯಾಕೆ ಇಷ್ಟು ದಪ್ಪ ಎಂದು ತೆರೆದು ನೋಡಿದೆ. ಈಯುವ ದಿನದ ಅಂಕಣದ ತುದಿಯಲ್ಲಿ ಸಾಲು ಸಾಲು ಸೊನ್ನೆ. ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಡಾಕ್ಟರ್ ಪುಟ್ಟಸ್ವಾಮಿ ಬೆಂಗಳೂರಿಗೆ ಹೋಗಿದ್ದರು. ಮಲ್ಲಿಪಟ್ಟಣಕ್ಕೆ ಫೋನ್ ಮಾಡಿದರೆ ಲೈನು ಸತ್ತಿತ್ತು. ಪಟ್ಟಿಯನ್ನು ಚೀಲಕ್ಕೆ ತುರುಕಿ ಬಸ್ ನಿಲ್ದಾಣಕ್ಕೆ ಓಡಿದೆ. ಅರಕಲಗೂಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅರಕಲಗೂಡಿನಲ್ಲಿ ಆ ಇನ್ನೊಂದು ಬಸ್ಸಿಗೆ ಕಾದ ಹೊತ್ತು ನನ್ನ ಇಡೀ ನೌಕರಿಗಿಂತ ಉದ್ದವಾಗಿತ್ತು.

ಮಲ್ಲಿಪಟ್ಟಣದಲ್ಲಿ ಮರದ ಕೆಳಗೆ ಹಸುಗಳ ಸಾಲು. ಬೇರೆ ಕಡೆಯಿಂದ ಬಂದಿದ್ದ ಎಳೆಯ ಡಾಕ್ಟರು ಕುರ್ಚಿಯ ಮೇಲೆ ಕೂತು ಕರವಸ್ತ್ರದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಶಿಬಿರ ನಿಂತಿತ್ತು. ಬೋರೇಗೌಡ ನನ್ನನ್ನು ಕಂಡದ್ದೇ ಓಡಿ ಬಂದ.

“ಬಂದ್ರಾ ಮೇಡಮ್ನೋರೇ! ಈ ಪಟ್ಟೀಲಿರೋ ಅಸಗೋಳ್ನೆಲ್ಲ ಓದ್ ತಿಂಗ್ಳು ನಾನೇ ಕಟ್ಸಿದ್ದು. ಬರಡು ಎಂಗಾದ್ವು? ಡಾಕ್ಟ್ರಿಗೆ ಏಳ್ದೆ. ‘ಕಂಪ್ಯೂಟರ್ ಲಿಸ್ಟ್ ಕಣಯ್ಯ, ನಿಂಗಿಂತ ಅದಕ್ಕೆ ಗೊತ್ತು’ ಅಂದ್ರು. ಕೈ ಹಾಕಿ ನೋಡುದ್ರೆ ಇಷ್ಟ್ ಎಳೇ ಗಬ್ಬ ಅವ್ರಿಗೂ ಸಿಕ್ಕಾಕಿಲ್ಲ. ಸಿರಿಂಜು ಕುದ್ಸೋಕೆ ನೀರಿಲ್ಲ ಸಾ ಅಂತ ಸುಳ್ಳೇಳಿ, ಊರಾಚೆ ಬೋರಿಂದ ನೀರ್ ತರೋಕ್ ಒಬ್ಬ ಉಡುಗುನ್ನ ಕಳ್ಸ್ದೆ. ಬಂದೋನ್ ಬಿಂದಿಗೆ ಒಡ್ದಾಕ್ಬುಟ್ಟೆ. ಮತ್ತೆ ಕಳ್ಸಿವ್ನಿ.”

“ಒಂದೂ ಕೊಟ್ಟಿಲ್ವಾ ಹಾಗಾದ್ರೆ?”

ಬೋರೇಗೌಡ ತಲೆ ತಗ್ಗಿಸಿದ. “ಮೊದ್ಲನೇದು ಆಗೋಯ್ತು ಕಣಮ್ಮ. ಜಯಮ್ಮನ ಕೆಂದಿ. ಕಂಪ್ಯೂಟರ್‌ಗೆ ಎದ್ರಾಡೋಕೆ ನಾನ್ಯಾರು ಅಂತ ಸುಮ್ಕಿದ್ಬುಟ್ಟೆ. ಎಲ್ಡ್ನೇ ಅಸ ಬಂದಾಗ ತಡೀಲಿಲ್ಲ ಜೀವ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆ ದಿನ ಎತ್ತು ಈಯಿತು ಎಂದು ಹೇಳಿದ್ದು ನನ್ನ ಪಟ್ಟಿ. ನಾನು ಡಾಕ್ಟರಿಗೆ ವಿಷಯ ಹೇಳಿ ಉಳಿದ ಹಸುಗಳನ್ನೆಲ್ಲ ಮನೆಗೆ ಕಳಿಸಿದೆ. ಕೆಂದಿಯನ್ನು ಹಿಡಿದು ತಂದವರು ಜಯಮ್ಮನ ಮಾವ, ಕಿವಿ ಕೇಳದ ಮುದುಕರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಜಯಮ್ಮ ಹೊಲದಲ್ಲಿ ಬಿತ್ತನೆ ಆಲೂಗಡ್ಡೆ ಹಾಕಿಸುತ್ತಿದ್ದಳು. ಬೋರೇಗೌಡ “ನಾನ್ ಏಳ್ತೀನಿ ಬುಡಿ, ನೀವ್ ಯಾಕೆ” ಎಂದ. ಬೇಡವೆಂದು ನಾನೇ ನಡೆದೆ. ಮೇ ತಿಂಗಳ ಬಿಸಿಲು. ಅವಳು ಸಾಲಿನ ಮಧ್ಯೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು, ಗಟ್ಟಿ ಹೆಂಗಸು, ನನಗಿಂತ ಒಂದೆರಡು ವರ್ಷಕ್ಕೆ ಹಿರಿಯಳಿರಬೇಕು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಇದು ನಿಮ್ ಮಿಸನ್ ಮಾಡಿದ್ದಾ, ನೀವ್ ಮಾಡಿದ್ದಾ?”

ಮೆಷಿನ್ನು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆ ವರ್ಷ ಪ್ರಪಂಚದಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. ನನ್ನ ನಾಲಿಗೆಗೆ ಬರಲಿಲ್ಲ. “ನಾನು ಮಾಡಿದ್ದು” ಅಂದೆ.

“ಸಂಕ್ರಾಂತೀಗೆ ಈಯ್ತದೆ ಅಂತ ಮಗ್ಳಿಗೆ ಏಳಿದ್ದೆ. ಬಾಣಂತನಕ್ಕೆ ಬತ್ತಾಳೆ, ಮನೇಲಿ ಆಲಿರ್ತದೆ ಅಂತ.” ಕೈಯ ಮಣ್ಣು ಒರೆಸಿಕೊಂಡು, “ನನ್ ಅಸೀನ ಎಸ್ರು ನಿಮ್ ಪಟ್ಟೀಲಿ ಬ್ಯಾಡ. ತೆಗ್ದಾಕ್ಬುಡಿ” ಎಂದು ಸಾಲಿಗೆ ಬಗ್ಗಿದಳು. ಬೈದಿದ್ದರೆ ಚೆನ್ನಾಗಿತ್ತು. ಮೂರನೇ ದಿನ ಕೆಂದಿ ಕಂದು ಹಾಕಿತು ಎಂದು ಬೋರೇಗೌಡ ಸುದ್ದಿ ಕಳಿಸಿದ. ನಾನು ಜಯಮ್ಮ ಹೇಳಿದಂತೆ ಹೆಸರು ತೆಗೆದೆ. ಆ ಸಂಜೆ ಬಸ್ಸಿನಲ್ಲಿ ಅತ್ತುಕೊಂಡೇ ಊರಿಗೆ ಹೋದೆ, ಪಕ್ಕದಲ್ಲಿದ್ದವರು ಯಾರೋ ತೀರಿಕೊಂಡರೇನೋ ಎಂದು ಸಮಾಧಾನ ಮಾಡಿದರು.

ಡಾಕ್ಟರ್ ಪುಟ್ಟಸ್ವಾಮಿ ಬೆಂಗಳೂರಿನಿಂದ ವಾಪಸು ಬಂದ ದಿನ ರಾಜೀನಾಮೆ ಬರೆದುಕೊಂಡು ಹೋದೆ. ಅವರು ಕೂಗಾಡಿದರು, ಮೇಜು ಗುದ್ದಿದರು, ಕೊನೆಗೆ ಕಾಗದವನ್ನು ನನ್ನ ಕಡೆಗೇ ತಳ್ಳಿದರು. “ನೀನು ಹೋದ್ರೆ ಆ ಎರಡು ಅಂಕೀನ ಬಂದು ತಿದ್ದೋರು ಯಾರಮ್ಮ? ನಿಮ್ಮಪ್ಪ ತಿದ್ತಾರಾ? ಹೋಗಿ ಕೂತ್ಕೋ.”

ಕೂತೆ. ನಾಲ್ಕು ಸಾವಿರ ಸಾಲಿನ ಪ್ರೋಗ್ರಾಮನ್ನು ಒಂದೊಂದೇ ಸಾಲು ಓದಿ, ಇಸವಿ ಇದ್ದಲ್ಲೆಲ್ಲ ನಾಲ್ಕು ಅಂಕಿ ಮಾಡಿದೆ. ಹಸುಗಳ ಹೆಸರು ಕಿತ್ತುಕೊಳ್ಳಲಿಲ್ಲ, ಅಷ್ಟು ಹೊತ್ತಿಗೆ ಯಂತ್ರದಲ್ಲಿ ಜಾಗಕ್ಕೆ ಬರವಿರಲಿಲ್ಲ. ನಾನು ಬರೆದದ್ದನ್ನು ಒಂಬತ್ತು ವರ್ಷದ ಮೇಲೆ ನಾನೇ ಓದುವಾಗ ಒಂದು ಕಡೆಯೂ ಇದೇನು ಎಂದು ತಡವರಿಸಲಿಲ್ಲ. ಪ್ರತಿ ತಿಂಗಳ ಪಟ್ಟಿಯನ್ನೂ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿದೆ. ಕೊನೆಗೆ ಎರಡು ಸಾವಿರ ಬಂದಾಗ ಊರೆಲ್ಲ ಟಿವಿ ಮುಂದೆ ಎದ್ದು ಕೂತಿತ್ತಂತೆ. ನಾನು ನಿದ್ದೆ ಹೊಡೆಯುತ್ತಿದ್ದೆ, ನನ್ನ ಪಾಲಿಗೆ ಅದು ಮುಗಿದ ಕಥೆ.

ಆದರೆ ಕೋಬಾಲ್‌ಗೆ ಕೆಟ್ಟ ಹೆಸರು ಅಂಟಿಕೊಂಡಿತು. ಸಂಘಕ್ಕೆ ಬಂದವರೆಲ್ಲ ‘ಅಯ್ಯೋ, ಆ ಎರಡು ಅಂಕಿ ಭಾಷೆಯಾ?’ ಎಂದು ನಗುತ್ತಿದ್ದರು. ಎರಡು ಅಂಕಿ ಸಾಕು ಎಂದು ಕೋಬಾಲ್ ಎಲ್ಲೂ ಹೇಳಿಲ್ಲ. ನಾಲ್ಕು ಕೇಳಿದ್ದರೆ ನಾಲ್ಕು ಕೊಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದು ನಾನು ಬಂದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. ತಿಂಗಳು ತಿಂಗಳೂ ಮಲ್ಲಿಪಟ್ಟಣದ ಪುಟ ಅಚ್ಚಾಗುವಾಗ ಮಾತ್ರ ನನ್ನ ಬಾಯಿ ಕಟ್ಟುತ್ತಿತ್ತು. ಅಲ್ಲಿ ಜಯಮ್ಮನ ಹೆಸರಿನ ಸಾಲು ಇರುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಸಂಘ ಹೊಸ ಸಾಫ್ಟ್‌ವೇರ್ ಹಾಕಿಸಲು ತೀರ್ಮಾನ ಮಾಡಿತು. ಹಳ್ಳಿ ಕೇಂದ್ರಗಳಿಗೂ ಕಂಪ್ಯೂಟರ್, ಕನ್ನಡದಲ್ಲೇ ಪಟ್ಟಿ, ಫೋನ್ ಲೈನಿನಲ್ಲಿ ಮಾಹಿತಿ. ಇದ್ಯಾವುದೂ ನನ್ನ ಕೋಬಾಲ್‌ನಿಂದ ಆಗುವುದಿಲ್ಲ, ಹೊಸದು ಬೇಕು ಎಂದು ಮೊದಲು ಬರೆದುಕೊಟ್ಟವಳು ನಾನೇ. ಕಂಪನಿಯವರು ಕಳಿಸಿದ್ದು ಪ್ರದೀಪ ಎಂಬ ಎಂಜಿನಿಯರನ್ನು. ಚನ್ನರಾಯಪಟ್ಟಣದ ಕಡೆಯವನು, ಚುರುಕು, ಮಾತಿನಲ್ಲಿ ಸ್ವಲ್ಪ ಖಾರ.

“ಮೇಡಮ್, ಈ ಕೋಬಾಲ್ ಓದೋಕೆ ನಂಗೆ ಟೈಮ್ ಇಲ್ಲ. ಸತ್ತ ಭಾಷೆ ಇದು. ನೀವು ಏನ್ ಬೇಕು ಬಾಯಲ್ಲಿ ಹೇಳಿ, ಬರೀತೀನಿ.”

“ಸತ್ತದ್ದು ತಿಂಗಳು ತಿಂಗಳೂ ಪಟ್ಟಿ ಕೊಡ್ತಿದೆಯಲ್ಲಪ್ಪ” ಅಂದೆ.

ಹಳೆಯದೂ ಹೊಸದೂ ಆರು ತಿಂಗಳು ಜೊತೆಯಲ್ಲಿ ನಡೆದವು. ಪ್ರದೀಪನ ಪರದೆ ನೋಡಲು ಚೆಂದ, ಆದರೆ ತಾರೀಖಿನ ಚೌಕ ತುಂಬದೆ ಮುಂದಕ್ಕೆ ಬಿಡುತ್ತಿರಲಿಲ್ಲ. ರೈತರು ಹೋದ ವರ್ಷದ ಉತ್ತರೆ ಮಳೆ ಎಂದರೆ ಹಳ್ಳಿಯ ಗುಮಾಸ್ತರು ಸೆಪ್ಟೆಂಬರ್ ಒಂದು ಎಂದು ಒತ್ತಿ ಮುಂದೆ ಹೋಗುತ್ತಿದ್ದರು. ಉತ್ತರೆ ಹುಟ್ಟುವುದೇ ಆ ತಿಂಗಳ ನಡುವಿಗೆ. ಹೊಸ ಪಟ್ಟಿಯಲ್ಲಿ ಎಷ್ಟೋ ಹಸುಗಳು ಎರಡು ಮೂರು ವಾರ ಮೊದಲೇ ಈಯಬೇಕೆಂದು ಬಂತು. ಬೋರೇಗೌಡ ಎರಡೂ ಪಟ್ಟಿ ಹಿಡಿದು ಕೊಟ್ಟಿಗೆಗಳನ್ನು ಸುತ್ತಿ, ಈದ ಹಸುಗಳ ಮುಂದೆ ಗೀಟು ಹಾಕಿ ತಂದ. ಹಳೇ ಪಟ್ಟಿಯ ತುಂಬ ಗೀಟು. ಪ್ರದೀಪ ಅದನ್ನು ಬಹಳ ಹೊತ್ತು ನೋಡಿದ.

“ಇದು ಹೇಗೆ ಮೇಡಮ್?”

“ಓದೋಕೆ ಟೈಮ್ ಇದ್ರೆ ಕೂತ್ಕೊ” ಅಂದೆ.

ಕೂತ. ನಾನು ಜೋರಾಗಿ ಓದುತ್ತಾ ಹೋದೆ, ಅವನು ಕೇಳುತ್ತಾ ಹೋದ. ಒಂದು ಗಂಟೆಯಾದ ಮೇಲೆ ಪ್ರೋಗ್ರಾಮಿನ ಅಚ್ಚು ಪ್ರತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಓದಿದ. “ಕಥೆ ಓದಿದ ಹಾಗೆ ಓದ್ಬಹುದು ಮೇಡಮ್ ಇದನ್ನ” ಎಂದು ಹೇಳಿದಾಗ ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದು ಅವನಿಗೆ ತೋರಿಸಿಕೊಳ್ಳಲಿಲ್ಲ. ಮಳೆಯ ಕೋಷ್ಟಕ, ಅಂದಾಜಿನ ದಿನಗಳು, ಬರಡು ಹಸುವಿನ ನಿಯಮ ಎಲ್ಲವನ್ನೂ ಅವನು ಮೂರು ತಿಂಗಳಲ್ಲಿ ತನ್ನ ಹೊಸ ಭಾಷೆಗೆ ಇಳಿಸಿಕೊಂಡ. ಕಾರ್ಯಕರ್ತ ಸಹಿ ಹಾಕದೆ ಯಾವ ಹಸುವೂ ಬರಡು ಎಂದು ಅಚ್ಚಾಗಬಾರದು ಎಂಬ ಒಂದು ನಿಯಮವನ್ನು ನಾನು ಹೊಸದಾಗಿ ಸ್ವಂತ ಹಟದಿಂದ ಸೇರಿಸಿದೆ. ಯಾಕೆ ಎಂದು ಕೇಳಿದ, ಕೆಂದಿಯ ಕಥೆ ಹೇಳಿದೆ. ಅವತ್ತಿನಿಂದ ಅವನ ಮಾತಿನಲ್ಲಿ ಖಾರ ಕಡಿಮೆಯಾಯಿತು.

ಹೊಸ ಪಟ್ಟಿಯನ್ನು ಜನರಿಗೆ ತೋರಿಸಲು ಹೋಬಳಿಗೊಂದು ಸಭೆ. ಮಲ್ಲಿಪಟ್ಟಣದ ಸಭೆ ಹಾಲಿನ ಡೈರಿಯ ಮುಂದಿನ ಜಗಲಿಯಲ್ಲಿ ಬೆಳಗಿನ ಹಾಲು ಹಾಕಿದ ಮೇಲೆ ಸೇರಿತು. ಪ್ರದೀಪ ಪಟ್ಟಿ ಎತ್ತಿ ಹಿಡಿದು ಚೆನ್ನಾಗಿಯೇ ವಿವರಿಸಿದ. ಜನ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದುಕೊಂಡು ಜಯಮ್ಮ ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

“ಒಂದ್ ಮಾತ್ ಕೇಳ್ಲಾ ಮಗ?” ಅವಳದೇ ದನಿ. “ಆವತ್ತು ಪಟ್ಟಿ ತಪ್ಪಾದಾಗ ಈವಮ್ಮ ಉರಿ ಬಿಸ್ಲಲ್ಲಿ ನನ್ ಒಲಕ್ ಬಂದು, ನಾನೇ ತಪ್ ಮಾಡ್ದೆ ಅಂದ್ರು. ಮಿಸನ್ ಮ್ಯಾಲೆ ಏಳ್ಲಿಲ್ಲ. ನಿನ್ ಪಟ್ಟಿ ತಪ್ಪಾದ್ರೆ ಯಾರಪ್ಪ ಬರೋದು?”

ಪ್ರದೀಪ, “ಕಂಪನಿಯವರ ಒಂದು ನಂಬರ್ ಇರುತ್ತೆ ಅಮ್ಮ, ಅದಕ್ಕೆ ಫೋನ್...” ಎಂದು ಶುರು ಮಾಡಿ ನಿಲ್ಲಿಸಿದ. ನನ್ನ ಕಡೆ ನೋಡಿದ. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ಉತ್ತರ ಹೇಳಬೇಕಾದವನು ಅವನು.

“ನಾನೇ ಬರ್ತೀನಮ್ಮ” ಎಂದ.

“ನಿನ್ನೆಸ್ರು?”

“ಪ್ರದೀಪ.”

ಜಯಮ್ಮ ಕ್ಯಾನನ್ನು ಕೆಳಗಿಟ್ಟಳು. “ಬೋರಣ್ಣ, ಬರ್ಕೋ. ಕೆಂದಿ ಮಗ್ಳು, ಚೊಚ್ಚಲ ಗಬ್ಬ. ಇಂಜೆಕ್ಸನ್ ಕೊಟ್ಟೋನು ನೀನೇ, ತಾರೀಕ್ ನಿಂಗೇ ಗೊತ್ತು.” ಆಮೇಲೆ ನನ್ನ ಕಡೆ ತಿರುಗಿ, “ಎಲ್ಲ ಸಮ್ನಾಗ್ ಬರ್ದವ್ರಾ ನೋಡ್ಕೊಳ್ಳಿ ಅಮ್ಮೋರೇ” ಅಂದಳು.

ನೋಡಿಕೊಂಡೆ. ಕಣ್ಣು ಮಂಜಾಗಿದ್ದರಿಂದ ಎರಡು ಸಲ ನೋಡಬೇಕಾಯಿತು.

ಮಾರನೆಯ ಸೋಮವಾರ ಹಾಸನದಲ್ಲಿ ನನ್ನ ಕೋಬಾಲ್ ಪ್ರೋಗ್ರಾಮನ್ನು ನಾನೇ ನಿಲ್ಲಿಸಿದೆ. ಹದಿನಾಲ್ಕು ವರ್ಷ ದುಡಿದಿತ್ತು, ಮಾಡಬೇಕಾದದ್ದನ್ನೆಲ್ಲ ಹೊಸದಕ್ಕೆ ಒಪ್ಪಿಸಿತ್ತು. ಬೇಸರವಾಗಲಿಲ್ಲ. ಹೊಸ ಪಟ್ಟಿ ಕನ್ನಡದಲ್ಲಿ ಅಚ್ಚಾಗಿ ಬಂತು. ಪ್ರತಿ ಪುಟದ ಕೆಳಗೆ ಪ್ರದೀಪ ತನ್ನ ಹೆಸರು ಹಾಕಿದ್ದ. ಅದರ ಮೇಲೊಂದು ಸಾಲು ಖಾಲಿ ಬಿಟ್ಟು, “ಇಲ್ಲಿ ನಿಮ್ಮ ಹೆಸರು ಹಾಕ್ತೀನಿ ಮೇಡಮ್, ಎಲ್ಲಾ ನಿಮ್ದೇ ಅಲ್ವಾ” ಎಂದ.

“ಬೇಡಪ್ಪ” ಅಂದೆ. “ತಪ್ಪಾದರೆ ಆ ಹೊಲಕ್ಕೆ ನಡೆದು ಹೋಗಬೇಕಾದವನು ಇನ್ನು ನೀನು.”